ಕೈ ಮರಳಿತು, ಕಾಯಕವೂ ಮರಳಿತೆ?

ಕಾಯವಿಲ್ಲದೆ ಕಾಯಕವಿಲ್ಲ. ಆ ಪದದ ಹುಟ್ಟೇ ಈ ಮಾತನ್ನು ಸಾರುತ್ತದೆ. ಕಾಯದಿಂದ ನೆರವೇರುವುದು ಕಾಯಕ. ಹಾಗೆ ನೆರವೇರಿದುದರ ಫಲವನ್ನು ಸಮಾಜಕ್ಕೆ ವಿನೀತಭಾವದಿಂದ ಸಲ್ಲಿಸುವುದು ದಾಸೋಹ. ಆದುದರಿಂದಲೇ ಹನ್ನೆರಡನೆಯ ಶತಮಾನದ ಶಿವಶರಣರು ಶರೀರವನ್ನು ಕೇವಲ ನಶ್ವರವೆಂದು ಹಳಿದು ದೂರ ತಳ್ಳಲಿಲ್ಲ. ಅದನ್ನು ಸತ್ಕಾರ್ಯದ ಸಾಧನವೆಂದು ಬಗೆದರು, ಶುಚಿಯಾಗಿಟ್ಟರು, ದುಡಿಸಿದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮೊದಲಾದವರ ಹೆಸರಿನೊಡನೆಯೇ ಅವರ ಕೈಗೆಲಸವೂ ಸೇರಿಕೊಂಡು ಬಂದಿದೆ. ಮನುಷ್ಯನನ್ನು ಅವನ ಕುಲದಿಂದ ಗುರುತಿಸದೆ ಅವನ ದುಡಿಮೆಯಿಂದ ಗುರುತಿಸಿದ ಗೌರವವದು.

ಹೀಗಿರುವಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಕಾಯವೇ ಕೈಬಿಟ್ಟಾಗ ಗತಿಯೇನು? ಕಾಲು ಮುರಿದ ಒಕ್ಕಲಿಗ, ಸೊಂಟದ ಕೀಲು ಸವೆದ ನೇಕಾರ, ಬೆರಳು ಸೆಟೆದು ನಿಂತ ಬಡಗಿ, ಇವರು ಏನು ಮಾಡಬೇಕು? ಇಂಥವರ ಎಲುಬು, ಕೀಲು, ಸ್ನಾಯುಗಳನ್ನು ಸರಿಪಡಿಸುವ ಶಸ್ತ್ರವೈದ್ಯರು ಇಂದು ಊರೂರುಗಳಲ್ಲಿದ್ದಾರೆ. ಅವರ ವಿದ್ಯೆ ಲೋಕೋಪಕಾರಿ ಎಂಬುದು ನಿರ್ವಿವಾದ. ಆದರೆ ಆ ವಿದ್ಯೆಯ ಗುರಿ ಎಲ್ಲಿಗೆ ತಲುಪಿದಾಗ ಮುಟ್ಟಿದಂತಾಯಿತು? ಎಲುಬು ಕೂಡಿದಾಗಲೋ, ಬೆರಳು ಮಡಿಚಿದಾಗಲೋ, ರೋಗಿಯು ಆಸ್ಪತ್ರೆಯ ಹೊಸ್ತಿಲು ದಾಟಿದಾಗಲೋ? ಅಥವಾ ಅದಕ್ಕಿಂತ ಮುಂದೆ ಇನ್ನೂ ಒಂದು ಹೆಜ್ಜೆಯುಂಟೆ? ಈ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರವನ್ನು ಹುಡುಕುವ ಮುನ್ನ, ಒಬ್ಬ ದೊಡ್ಡ ಶಸ್ತ್ರವೈದ್ಯರ ಮುಂದೆ ನಿಂತು ಅದನ್ನೇ ಬೇರೆ ಮಾತಿನಲ್ಲಿ ಕೇಳಿದ ಒಬ್ಬ ಬಡ ರೋಗಿಯ ವೃತ್ತಾಂತವನ್ನು ಅರಿಯುವುದು ಲೇಸು.

ಆ ವೈದ್ಯರು ಪಾಲ್ ಬ್ರ್ಯಾಂಡ್. ಅವರು ೧೯೧೪ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದರು. ತಂದೆತಾಯಿಗಳು ಇಂಗ್ಲೆಂಡಿನಿಂದ ಬಂದ ಕ್ರೈಸ್ತ ಸೇವಾವ್ರತಿಗಳು. ಬಾಲ್ಯದಲ್ಲಿಯೇ ಓದಿಗಾಗಿ ಇಂಗ್ಲೆಂಡಿಗೆ ಹೋದ ಅವರು ಮೊದಲು ಕಲಿತದ್ದು ವೈದ್ಯವನ್ನಲ್ಲ. ಕೆಲವು ವರ್ಷ ಮನೆಕಟ್ಟುವ ಕೆಲಸದಲ್ಲಿ ತೊಡಗಿ ಬಡಗಿಯ, ಗಾರೆಯವನ ಕಸುಬುಗಳನ್ನು ಕೈಗೂಡಿಸಿಕೊಂಡರು. ಆ ಮೇಲೆ ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನೂ ಶಸ್ತ್ರವೈದ್ಯವನ್ನೂ ಅಭ್ಯಸಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬಿನ ದಾಳಿಗೆ ಸಿಕ್ಕಿ ಗಾಯಗೊಂಡವರ ಶುಶ್ರೂಷೆಯು ಅವರ ಕೈಯನ್ನು ಪಳಗಿಸಿತು. ೧೯೪೬ರಲ್ಲಿ ಅವರು ವೆಲ್ಲೂರಿನ ಕ್ರೈಸ್ತ ವೈದ್ಯ ಮಹಾವಿದ್ಯಾಲಯಕ್ಕೆ ಶಸ್ತ್ರವೈದ್ಯರಾಗಿ ಬಂದರು.

ಮರುವರ್ಷ ಅವರು ಚೆಂಗಲ್ಪಟ್ಟಿನ ಕುಷ್ಠರೋಗ ಚಿಕಿತ್ಸಾಲಯವನ್ನು ನೋಡಲು ಹೋದರು. ಅಲ್ಲಿಯ ಮುಖ್ಯರಾದ ರಾಬರ್ಟ್ ಕಾಕ್ರೇನ್ ಎಂಬ ವೈದ್ಯರು ಅವರಿಗೆ ಆ ಆವರಣವನ್ನೆಲ್ಲ ತೋರಿಸಿದರು. ಎಲ್ಲಿ ನೋಡಿದರೂ ಹಕ್ಕಿಯ ಉಗುರಿನಂತೆ ಒಳಕ್ಕೆ ಬಾಗಿದ ಕೈಗಳು, ಮೋಟಾದ ಬೆರಳುಗಳು. ಅಂಗವಿಕಲತೆಗೆ ಇಷ್ಟು ದೊಡ್ಡ ಕಾರಣವಾದ ರೋಗವೊಂದಿರುವಾಗ ಎಲುಬುಕೀಲುಗಳ ಶಸ್ತ್ರವೈದ್ಯರಲ್ಲಿ ಒಬ್ಬರೂ ಅದನ್ನು ಗಮನಿಸಿ ಅಭ್ಯಸಿಸಲಿಲ್ಲವೇಕೆ ಎಂದು ಕಾಕ್ರೇನರು ಕೇಳಿದರು. ಬ್ರ್ಯಾಂಡರ ಬಳಿ ಉತ್ತರವಿರಲಿಲ್ಲ. ಅವರು ಹತ್ತಿರದಲ್ಲಿದ್ದ ಒಬ್ಬ ತರುಣನ ಬಾಗಿದ ಬೆರಳುಗಳ ನಡುವೆ ತಮ್ಮ ಕೈಯನ್ನಿಟ್ಟು, ಆದಷ್ಟು ಬಿಗಿಯಾಗಿ ಹಿಡಿಯುವಂತೆ ಹೇಳಿದರು. ಸತ್ತೇಹೋಗಿದೆಯೆಂದು ತಿಳಿದಿದ್ದ ಆ ಕೈ ಅವರ ಕೈಯನ್ನು ನೋಯುವಷ್ಟು ಬಲವಾಗಿ ಹಿಡಿಯಿತು. ಆ ನೋವಿನಲ್ಲಿಯೇ ಅವರಿಗೆ ಬೆಳಕು ಕಂಡಿತು. ಕೈಯಲ್ಲಿ ಬಲವಿದೆ, ಬಲವನ್ನು ಹಂಚಿ ನಡೆಸುವ ವ್ಯವಸ್ಥೆ ಮಾತ್ರ ಕೆಟ್ಟಿದೆ!

ಇದರ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಕುಷ್ಠರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯರು ೧೮೭೩ರಲ್ಲಿ ಕಂಡುಹಿಡಿದರು. ಅದು ಶರೀರದ ತಂಪಾದ ಭಾಗಗಳಲ್ಲಿ ನೆಲೆಸುತ್ತದೆ. ಚರ್ಮದ ಕೆಳಗೇ ಹಾದುಹೋಗುವ ನರಗಳು, ಮುಖ್ಯವಾಗಿ ಮೊಣಕೈಯ ಮತ್ತು ಮಣಿಕಟ್ಟಿನ ಬಳಿಯ ನರಗಳು, ಅದರಿಂದ ಊದಿಕೊಂಡು ಕೆಡುತ್ತವೆ. ಆಗ ಅಂಗೈಯೊಳಗಿನ ಚಿಕ್ಕ ಚಿಕ್ಕ ಸ್ನಾಯುಗಳು ಜಡವಾಗುತ್ತವೆ. ಆದರೆ ಮುಂಗೈಯ ದೊಡ್ಡ ಸ್ನಾಯುಗಳಲ್ಲಿ ಅನೇಕವು ಮೊದಲಿನಂತೆಯೇ ಬಲವಾಗಿರುತ್ತವೆ. ಎರಡು ಕಡೆಯಿಂದ ಸಮನಾಗಿ ಎಳೆಯಬೇಕಾದ ಹಗ್ಗವನ್ನು ಒಂದೇ ಕಡೆಯಿಂದ ಎಳೆದಂತಾಗಿ ಬೆರಳುಗಳು ಬಾಗಿ ನಿಲ್ಲುತ್ತವೆ. ಹೆಬ್ಬೆರಳು ಇತರ ಬೆರಳುಗಳಿಗೆ ಎದುರಾಗಿ ಬರಲಾರದು. ತುತ್ತನ್ನು ಕಲಸಿ ಎತ್ತುವುದು, ಗುಂಡಿ ಹಾಕುವುದು, ಸೂಜಿ ಹಿಡಿಯುವುದು, ಯಾವುದೂ ಸಾಧ್ಯವಾಗದು.

ಬ್ರ್ಯಾಂಡರು ತಮ್ಮ ಸಹಾಯಕರೊಡನೆ ನೂರಾರು ಕೈಗಳನ್ನು ಪರೀಕ್ಷಿಸಿ, ಯಾವ ಸ್ನಾಯು ಕೆಡುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ಗೊತ್ತುಮಾಡಿಕೊಂಡರು. ೧೯೪೮ರಿಂದ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಅದರ ತತ್ತ್ವವು ಸರಳವಾದುದು. ಹೆಬ್ಬೆರಳನ್ನುಳಿದು ಪ್ರತಿಯೊಂದು ಬೆರಳನ್ನೂ ಮಡಿಸಲು ಎರಡೆರಡು ಸ್ನಾಯುರಜ್ಜುಗಳುಂಟು. ಆ ಎರಡರಲ್ಲಿ ಒಂದನ್ನು ಅದರ ಸ್ಥಾನದಿಂದ ಬಿಡಿಸಿ, ಅಂಗೈಯ ಒಳಗಿನಿಂದ ಹೊಸ ದಾರಿಯಲ್ಲಿ ಸಾಗಿಸಿ, ಬಲವಿಲ್ಲದ ಬೆರಳಿಗೆ ಜೋಡಿಸಿದರೆ ಅದು ಅಲ್ಲಿಯ ಕೆಲಸವನ್ನು ವಹಿಸಿಕೊಳ್ಳುತ್ತದೆ. ಎರಡುಳ್ಳವನು ಒಂದನ್ನು ಇಲ್ಲದವನಿಗೆ ಕೊಟ್ಟಂತೆ ಶರೀರದೊಳಗೇ ನಡೆಯುವ ದಾಸೋಹವಿದು ಎಂದರೂ ತಪ್ಪಾಗಲಾರದು. ಆ ಕಾಲದಲ್ಲಿ ಸಾಮಾನ್ಯ ಆಸ್ಪತ್ರೆಗಳು ಈ ರೋಗಿಗಳನ್ನು ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅಂಥ ದಿನಗಳಲ್ಲಿ ಇಂಥ ಕೈಗಳನ್ನು ಮುಟ್ಟಿ, ಬಿಡಿಸಿ, ಹೊಲಿದು ಸರಿಪಡಿಸಿದುದು ವೈದ್ಯವಿದ್ಯೆಗೆ ಮಾತ್ರವಲ್ಲದೆ ಮನೋಧರ್ಮಕ್ಕೂ ಸೇರಿದ ಸಂಗತಿ.

ಈ ಅಭ್ಯಾಸದ ನಡುವೆಯೇ ಇನ್ನೊಂದು ಸತ್ಯವೂ ಹೊರಬಿದ್ದಿತು. ಕುಷ್ಠವು ಬೆರಳುಗಳನ್ನು ಕೊಳೆಸಿ ಉದುರಿಸುತ್ತದೆ ಎಂಬುದು ಲೋಕದ ನಂಬಿಕೆಯಾಗಿತ್ತು. ಬ್ರ್ಯಾಂಡರು ಪ್ರತಿಯೊಂದು ಗಾಯದ ಹಿನ್ನೆಲೆಯನ್ನು ಕೆದಕಿ ನೋಡಿದಾಗ ಬಹುಮಟ್ಟಿಗೆ ಬೇರೆಯೇ ಕಾರಣಗಳು ಕಂಡುವು. ಸ್ಪರ್ಶಜ್ಞಾನವಿಲ್ಲದವನು ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದನು. ಮೊಳೆ ತಾಗಿದರೂ ಅರಿಯದೆ ಕೆಲಸ ಮುಂದುವರಿಸುತ್ತಿದ್ದನು. ಗಾಯ ಕೀತರೂ ನೋವಿಲ್ಲದ ಕಾರಣ ಅದಕ್ಕೆ ವಿಶ್ರಾಂತಿಯನ್ನು ಕೊಡುತ್ತಿರಲಿಲ್ಲ. ರಾತ್ರಿ ಮಲಗಿದವರ ಬೆರಳ ತುದಿ ಬೆಳಗಾಗುವಷ್ಟರಲ್ಲಿ ಕಾಣೆಯಾಗುತ್ತಿದ್ದುದು ಏಕೆಂದು ಕಾದು ನೋಡಿದರೆ ಇಲಿಗಳು ಬಂದು ಕಡಿಯುತ್ತಿದ್ದುವು. ಮಲಗಿದವನಿಗೆ ಎಚ್ಚರವೇ ಆಗುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ಬೆಕ್ಕುಗಳನ್ನು ಸಾಕಬೇಕಾಯಿತು. ನೋವು ಶತ್ರುವೆಂದು ಎಲ್ಲರೂ ಶಪಿಸುತ್ತಾರೆ. ಅದು ಕಾಯವನ್ನು ಕಾಯುವ ಕಾವಲುಗಾರನೆಂಬುದು ಅದನ್ನು ಕಳೆದುಕೊಂಡವರನ್ನು ನೋಡಿದಾಗ ಮಾತ್ರ ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯಿಂದ ಚಲನೆ ಮರಳುತ್ತಿತ್ತು, ಸ್ಪರ್ಶ ಮರಳುತ್ತಿರಲಿಲ್ಲ. ಆದುದರಿಂದ ಚರ್ಮವು ಮಾಡಬೇಕಾದ ಕಾವಲನ್ನು ಕಣ್ಣು ಮಾಡುವಂತೆ ರೋಗಿಗಳಿಗೆ ಕಲಿಸಬೇಕಾಯಿತು.

ಇನ್ನು ಆ ಬಡ ರೋಗಿಯ ವೃತ್ತಾಂತ. ಮೊದಮೊದಲು ಚಿಕಿತ್ಸೆ ಪಡೆದವರಲ್ಲಿ ಒಬ್ಬ ತರುಣನ ಕೈಗಳು ಚೆನ್ನಾಗಿ ಗುಣವಾದುವು. ಬೆರಳುಗಳು ನೆಟ್ಟಗಾದುವು, ಮಡಿಚಿದುವು, ಹಿಡಿದುವು. ಎಲ್ಲರೂ ಸಂತೋಷದಿಂದ ಆತನನ್ನು ಬೀಳ್ಕೊಟ್ಟರು. ಕೆಲವು ಕಾಲದ ಮೇಲೆ ಆತನು ಹಿಂದಿರುಗಿ ಬಂದನು. ತನಗೆ ಕೊಟ್ಟ ಕೈಗಳು ಒಳ್ಳೆಯವಲ್ಲವೆಂದು ದೂರಿಕೊಂಡನು. ವೈದ್ಯರಿಗೆ ಆಶ್ಚರ್ಯ. ಶಸ್ತ್ರಚಿಕಿತ್ಸೆಯಲ್ಲಿ ದೋಷವಿರಲಿಲ್ಲ. ದೋಷವಿದ್ದುದು ಬೇರೆಡೆ. ಕೈ ಬಾಗಿದ್ದಾಗ ದಾರಿಹೋಕರು ಕನಿಕರದಿಂದ ಕಾಸು ಹಾಕುತ್ತಿದ್ದರು. ಈಗ ನೆಟ್ಟಗಿನ ಕೈಯನ್ನು ನೋಡಿ ಯಾರೂ ಕಾಸು ಹಾಕರು. ಆದರೆ ಮೈಮೇಲೆ ಉಳಿದಿದ್ದ ಹಳೆಯ ಗುರುತುಗಳನ್ನು ನೋಡಿ ಯಾರೂ ಕೆಲಸ ಕೊಡರು, ಇರಲು ಒಂದು ಕೋಣೆಯನ್ನೂ ಕೊಡರು. ಭಿಕ್ಷೆಗೂ ಒದಗದ, ದುಡಿಮೆಗೂ ಒದಗದ ಕೈಗಳನ್ನು ಹೊತ್ತು ಆತನು ಹಸಿದು ಬಂದಿದ್ದನು.

ಈ ದೂರಿನಲ್ಲಿ ಕೃತಘ್ನತೆಯನ್ನು ಕಾಣುವವರು ಅದರ ತಿರುಳನ್ನು ಕಾಣಲಾರರು. ಆತನು ಕೇಳಿದ ಪ್ರಶ್ನೆ ಬಹಳ ದೊಡ್ಡದು. ಕೈಯೇನೋ ಮರಳಿತು, ಆದರೆ ಅದು ಮರಳಿದುದು ಯಾವುದಕ್ಕಾಗಿ? ಮಾಡಲು ಕೆಲಸವಿಲ್ಲದ ಕೈ ಗುಣವಾದ ಕೈಯೆನಿಸುವುದೆ? ನುಲಿಯ ಚಂದಯ್ಯನವರು ಹುಲ್ಲನ್ನು ಕೊಯ್ದು ತಂದು, ಹಗ್ಗ ಹೊಸೆದು, ಅದನ್ನು ಮಾರಿ ಬಂದುದರಿಂದ ಜಂಗಮ ದಾಸೋಹವನ್ನು ನಡೆಸುತ್ತಿದ್ದರೆಂದು ಶರಣರ ಚರಿತ್ರೆಗಳು ಹೇಳುತ್ತವೆ. ಹೊಸೆಯಬಲ್ಲ ಬೆರಳುಗಳಿದ್ದು, ಅವರಿಗೆ ಹುಲ್ಲು ಕೊಯ್ಯಲು ಕೆರೆಯಂಗಳದೊಳಕ್ಕೆ ಯಾರೂ ಬಿಡದಿದ್ದರೆ, ಹೊಸೆದ ಹಗ್ಗವನ್ನು ಸಂತೆಯಲ್ಲಿ ಯಾರೂ ಮುಟ್ಟದಿದ್ದರೆ, ಆ ಕಾಯಕವು ಹೇಗೆ ತಾನೆ ನಡೆಯುತ್ತಿತ್ತು? ಕಾಯಕಕ್ಕೆ ಕಾಯವೂ ಬೇಕು, ಅದನ್ನು ಸ್ವೀಕರಿಸುವ ಸಮಾಜವೂ ಬೇಕು. ಒಂದನ್ನು ವೈದ್ಯನು ಕೊಡಬಲ್ಲನು. ಇನ್ನೊಂದನ್ನು ಅವನೊಬ್ಬನೇ ಕೊಡಲಾರನು.

ಬ್ರ್ಯಾಂಡರ ಹಿರಿಮೆ ಇಲ್ಲಿಯೇ ಇದೆ. ಶಸ್ತ್ರದ ಕೆಲಸ ಮುಗಿಯಿತು, ಮುಂದಿನದು ತನಗೆ ಸೇರಿದುದಲ್ಲ ಎಂದು ಅವರು ಕೈತೊಳೆದುಕೊಳ್ಳಲಿಲ್ಲ. ೧೯೫೧ರಲ್ಲಿ ವೆಲ್ಲೂರಿನ ಮಹಾವಿದ್ಯಾಲಯದ ಆವರಣದಲ್ಲಿಯೇ 'ನವಜೀವನ ನಿಲಯ' ಎಂಬ ಚಿಕ್ಕ ಹಳ್ಳಿಯೊಂದು ಎದ್ದಿತು. ಅಲ್ಲಿ ಗುಣಹೊಂದಿದ ಕೈಗಳು ಕಸುಬನ್ನು ಕಲಿಯತೊಡಗಿದುವು. ಮುಖ್ಯವಾದುದು ಬಡಗಿಯ ಕೆಲಸ. ಬಹುಕಾಲದ ಹಿಂದೆ ಕಲಿತು, ವೈದ್ಯನಿಗೆ ಏಕೆ ಬೇಕಿತ್ತು ಎನಿಸಬಹುದಾಗಿದ್ದ ಆ ಮರಗೆಲಸವು ಈಗ ಬ್ರ್ಯಾಂಡರ ನೆರವಿಗೆ ಬಂದಿತು. ಅವರು ತಾವೇ ಉಳಿ ಬಾಚಿಗಳನ್ನು ಹಿಡಿದು ಕಲಿಸಿದರು. ಸ್ಪರ್ಶವಿಲ್ಲದ ಕೈಗೆ ಪೆಟ್ಟಾಗದಂತೆ ಹತ್ಯಾರಗಳ ಹಿಡಿಗಳನ್ನು ಬದಲಿಸಿದರು. ಕೆಲಸಗಾರರ ಕೈಗಳಲ್ಲಿ ಬೊಬ್ಬೆ, ಕೆಂಪು, ಗೀರು ಇವೆಯೇ ಎಂದು ತಪ್ಪದೆ ನೋಡುವ ಪದ್ಧತಿಯನ್ನಿಟ್ಟರು. ಕಾಯಕವೆಂದರೆ ದೇಹವನ್ನು ಲೆಕ್ಕಿಸದೆ ಸವೆಸುವುದಲ್ಲವೆಂದೂ, ಅದನ್ನು ಕಾಪಾಡಿಕೊಂಡು ದುಡಿಸುವುದೇ ಕಾಯಕವೆಂದೂ ಆ ನಿಲಯದಲ್ಲಿ ದಿನದಿನವೂ ಕಲಿಸಲಾಗುತ್ತಿತ್ತು.

ಅಂಗವು ಕೆಟ್ಟವನು ಮರಳಿ ಕ್ರಿಯಾಶೀಲನಾಗಲು ಮೂವರ ಕರ್ತವ್ಯ ಒಂದುಗೂಡಬೇಕೆಂದು ಈ ವೃತ್ತಾಂತದಿಂದ ತಿಳಿಯುತ್ತದೆ. ಮೊದಲನೆಯದು ವೈದ್ಯನದು. ಅದನ್ನು ಲೋಕವು ಕೊಂಡಾಡುತ್ತದೆ. ಎರಡನೆಯದು ರೋಗಿಯದು. ಅದನ್ನು ಲೋಕವು ಅಷ್ಟಾಗಿ ಅರಿಯದು. ಸ್ನಾಯುರಜ್ಜುವಿನ ದಾರಿಯನ್ನು ಬದಲಿಸಿದ ಮೇಲೆ ಸುಮಾರು ಮೂರು ವಾರ ಕೈಯನ್ನು ಗಾರೆಯ ಕಟ್ಟಿನಲ್ಲಿ ಅಲುಗದಂತೆ ಇಡುತ್ತಾರೆ. ಕಟ್ಟನ್ನು ಬಿಚ್ಚಿದೊಡನೆ ಕೈ ತಾನಾಗಿ ಕೆಲಸ ಮಾಡುವುದಿಲ್ಲ. ಉಂಗುರದ ಬೆರಳನ್ನು ಮಡಿಸುತ್ತಿದ್ದ ರಜ್ಜುವನ್ನು ಹೆಬ್ಬೆರಳಿಗೆ ಜೋಡಿಸಿದ್ದರೆ, ಹೆಬ್ಬೆರಳನ್ನು ಆಡಿಸಬೇಕೆಂದಾಗ ರೋಗಿಯು ಉಂಗುರದ ಬೆರಳನ್ನು ಮಡಿಸುವಂತೆ ಸಂಕಲ್ಪಿಸಬೇಕು. ಹುಟ್ಟಿನಿಂದ ಬಂದ ಅಭ್ಯಾಸವನ್ನು ಮನಸ್ಸು ಮರೆತು ಹೊಸದನ್ನು ಕಲಿಯಬೇಕು. ದಿನವೂ, ಗಂಟೆಗಟ್ಟಲೆ, ಬೇಸರಿಸದೆ, ವಾರಗಳವರೆಗೆ ಆ ಸಾಧನೆ ನಡೆಯಬೇಕು. ಸೊಂಟದ ಕೀಲನ್ನು ಬದಲಿಸಿಕೊಂಡ ವೃದ್ಧೆಗೂ, ತೊಡೆಯ ಎಲುಬಿಗೆ ಲೋಹದ ಸರಳು ಹಾಕಿಸಿಕೊಂಡ ತರುಣನಿಗೂ ಈ ಮಾತು ಅನ್ವಯಿಸುತ್ತದೆ. ವೈದ್ಯನು ಕೀಲನ್ನು ಕೂರಿಸಬಲ್ಲನು, ಹೆಜ್ಜೆಯನ್ನು ಮಾತ್ರ ರೋಗಿಯೇ ಇಡಬೇಕು. ಗುರುವು ದಾರಿಯನ್ನು ತೋರಿದ ಮೇಲೆಯೂ ನಡೆಯುವ ಹೊಣೆ ಶಿಷ್ಯನದೇ ಆಗಿ ಉಳಿಯುವಂತೆ ಇದು.

ಮೂರನೆಯ ಕರ್ತವ್ಯವು ಸಮಾಜದ್ದು, ಎಂದರೆ ಗೃಹಸ್ಥರದು. ಬಹುಜನ ಎಡವುವುದು ಇಲ್ಲಿಯೇ. ಗುಡಿಯ ಮುಂದೆ, ಜಾತ್ರೆಯ ದಾರಿಯಲ್ಲಿ ಕೈಚಾಚಿ ಕುಳಿತ ಅಂಗಹೀನನಿಗೆ ಕಾಸು ಹಾಕಿ ಮುಂದೆ ಸಾಗುವುದು ಸುಲಭ. ಹಾಕಿದವನಿಗೆ ಪುಣ್ಯ ಬಂದಂತಾಗುತ್ತದೆ, ಪಡೆದವನಿಗೆ ಆ ಹೊತ್ತು ಕಳೆಯುತ್ತದೆ. ಹಸಿದವನಿಗೆ ಅನ್ನವಿಕ್ಕುವುದು ತಪ್ಪೆಂದು ಯಾರೂ ಹೇಳಲಾರರು. ಅದು ಮೊದಲು ಆಗಬೇಕಾದ ಕೆಲಸವೇ ಸರಿ. ಆದರೆ ಅಲ್ಲಿಗೇ ನಿಲ್ಲುವ ದಾನವು ಅವನ ಬಾಗಿದ ಕೈಗೆ ಬೆಲೆ ಕಟ್ಟುತ್ತದೆ, ಅವನ ನೆಟ್ಟಗಿನ ಕೈಗೆ ಬೆಲೆ ಕಟ್ಟುವುದಿಲ್ಲ. ವೆಲ್ಲೂರಿನ ಆ ತರುಣನನ್ನು ಹಸಿವಿಗೆ ತಳ್ಳಿದವರು ಕ್ರೂರಿಗಳೇನಾಗಿರಲಿಲ್ಲ. ಹಿಂದೆ ಆತನಿಗೆ ಕಾಸು ಹಾಕಿದ ದಯಾಳುಗಳೇ ಈಗ ಕೆಲಸ ಕೊಡಲು ಹಿಂಜರಿದಿರಬಹುದು. ದಯೆಯು ದೂರದಿಂದ ಕೈನೀಡಬಲ್ಲದು. ಹತ್ತಿರ ಕರೆದು ಕೂರಿಸಿಕೊಳ್ಳಲು ಸಮತೆಯ ಭಾವ ಬೇಕು. ದಾಸೋಹಕ್ಕೂ ಬರಿಯ ಭಿಕ್ಷೆಗೂ ಇರುವ ಅಂತರವು ಇದೇ. ಭಿಕ್ಷೆಯಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು.

ಆದುದರಿಂದ ಅಂಗಹೀನನಿಗೆ ಮಾಡಬಹುದಾದ ದೊಡ್ಡ ದಾಸೋಹವೆಂದರೆ ಅವನನ್ನು ದಾಸೋಹಿಯನ್ನಾಗಿ ಮಾಡುವುದು. ಪಡೆಯುವವರ ಸಾಲಿನಿಂದ ಕೊಡುವವರ ಸಾಲಿಗೆ ಅವನನ್ನು ಕರೆತರುವುದು. ಅವನು ಮಾಡಿದ ಹಲಗೆಯ ಮೇಲೆ ಕುಳಿತುಕೊಳ್ಳುವುದು, ಅವನು ಹೊಲಿದ ಅಂಗಿಯನ್ನು ತೊಡುವುದು, ಅವನಿಗೆ ಕೂಲಿಯನ್ನು ನ್ಯಾಯವಾಗಿ ಎಣಿಸಿ ಕೊಡುವುದು. ಇವು ಹೊರಗೆ ನೋಡಲು ಸಣ್ಣ ಸಂಗತಿಗಳು. ಆದರೆ ಶಸ್ತ್ರವೈದ್ಯನು ಆರಂಭಿಸಿದ ಕೆಲಸವನ್ನು ಮುಗಿಸುವವನು ಇವುಗಳನ್ನು ಮಾಡುವ ಗೃಹಸ್ಥನೇ. ಅವನು ಬಾಗಿಲನ್ನು ಮುಚ್ಚಿದರೆ ಅತ್ಯುತ್ತಮ ಶಸ್ತ್ರಚಿಕಿತ್ಸೆಯೂ ವಿಫಲವಾಗುತ್ತದೆ.

ರೋಗಿಯು ಎಂಥ ಬದುಕಿಗೆ ಮರಳಬೇಕಾಗಿದೆ ಎಂಬುದನ್ನು ಮೊದಲು ವಿಚಾರಿಸಿದರೆ ವೈದ್ಯನ ವಿದ್ಯೆಯೂ ಹೊಸ ದಾರಿಯನ್ನು ಹಿಡಿಯುತ್ತದೆ ಎನ್ನುವುದಕ್ಕೆ ಜಯಪುರದ ಕೃತಕ ಪಾದವು ಸಾಕ್ಷಿ. ಕಾಲು ಕಳೆದುಕೊಂಡವರಿಗೆ ಪಾಶ್ಚಾತ್ಯ ಮಾದರಿಯ ಕೃತಕ ಕಾಲುಗಳು ಹಿಂದೆಯೂ ದೊರಕುತ್ತಿದ್ದುವು. ಆದರೆ ಅವು ಬೂಟಿನೊಳಗೆ ಇರತಕ್ಕವು. ಕುರ್ಚಿಯ ಮೇಲೆ ಕೂರುವವರಿಗೆ ತಕ್ಕವು. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರುವ, ಬರಿಗಾಲಿನಲ್ಲಿ ಗದ್ದೆಯ ಕೆಸರಿಗೆ ಇಳಿಯುವ ರೈತನಿಗೆ ಅವುಗಳಿಂದ ಪ್ರಯೋಜನ ಕಡಮೆ. ೧೯೬೮ರಲ್ಲಿ ಜಯಪುರದ ಅಸ್ಥಿಶಸ್ತ್ರವೈದ್ಯರಾದ ಪ್ರಮೋದ್ ಕರಣ್ ಸೇಠಿಯವರೂ, ಹೆಚ್ಚು ಶಾಲೆಯ ಓದಿಲ್ಲದ ಕುಶಲಕರ್ಮಿ ರಾಮಚಂದ್ರ ಶರ್ಮರೂ ಕೂಡಿ ರಬ್ಬರಿನ ಪಾದವೊಂದನ್ನು ರೂಪಿಸಿದರು. ಅದನ್ನು ತೊಟ್ಟವನು ಬರಿಗಾಲಿನಲ್ಲಿ ನಡೆಯಬಲ್ಲನು, ನೆಲದ ಮೇಲೆ ಕೂರಬಲ್ಲನು, ಹೊಲಕ್ಕೆ ಇಳಿಯಬಲ್ಲನು. ವೈದ್ಯನ ಶಾಸ್ತ್ರಜ್ಞಾನವೂ ಶಿಲ್ಪಿಯ ಕೈಚಳಕವೂ ಮೇಲುಕೀಳಿಲ್ಲದೆ ಕೂಡಿದಾಗ ಆದ ಲೋಕೋಪಕಾರವಿದು. ಸೇಠಿಯವರಿಗೆ ೧೯೮೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಶರ್ಮರ ಹೆಸರನ್ನು ಬಲ್ಲವರು ಅಷ್ಟಿಲ್ಲ. ಆದರೆ ಆ ಪಾದವನ್ನು ತೊಟ್ಟು ನಡೆಯುವವನ ಪ್ರತಿ ಹೆಜ್ಜೆಯಲ್ಲಿಯೂ ಅವರ ಕಾಯಕವಿದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಮನುಷ್ಯನ ಬೆಲೆಯನ್ನು ಅವನ ದುಡಿಮೆಯಿಂದಲೇ ಅಳೆಯುವುದಾದರೆ, ಏನು ಮಾಡಿದರೂ ಅಂಗ ಮರಳದವನ ಪಾಡೇನು? ಹಾಸಿಗೆ ಹಿಡಿದವನು, ಕಾಲು ಎಂದಿಗೂ ಬಾರದವನು ಸಮಾಜಕ್ಕೆ ಹೊರೆಯೆ? ಈ ಆಕ್ಷೇಪಕ್ಕೆ ಉತ್ತರವನ್ನು ವೆಲ್ಲೂರಿನ ಇನ್ನೊಬ್ಬ ವೈದ್ಯೆಯ ಬಾಳಿನಲ್ಲಿ ಕಾಣಬಹುದು. ಮೇರಿ ವರ್ಗೀಸ್ ಎಂಬವರು ಅಲ್ಲಿಯೇ ಕಲಿತ ತರುಣ ವೈದ್ಯೆ. ೧೯೫೪ರಲ್ಲಿ ಆದ ಮೋಟಾರು ಅಪಘಾತದಲ್ಲಿ ಅವರ ಬೆನ್ನುಹುರಿಗೆ ಪೆಟ್ಟಾಗಿ ಕೆಳಮೈ ಶಾಶ್ವತವಾಗಿ ಜಡವಾಯಿತು. ಯಾವ ಶಸ್ತ್ರವೂ ಆ ಕಾಲುಗಳನ್ನು ಮರಳಿ ಕೊಡಲಾರದಾಯಿತು. ಆಗ ಬ್ರ್ಯಾಂಡರು ಅವರಿಗೆ ಉಳಿದಿರುವುದೇನೆಂಬುದನ್ನು ತೋರಿಸಿಕೊಟ್ಟರು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದಷ್ಟೆ. ಮೇರಿಯವರು ಗಾಲಿಕುರ್ಚಿಯಲ್ಲಿ ಕುಳಿತು ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸತೊಡಗಿದರು. ನಡೆಯಲಾರದ ವೈದ್ಯೆಯ ಕೈ, ಹಿಡಿಯಲಾರದ ರೋಗಿಯ ಕೈಗೆ ಬಲ ತುಂಬಿತು. ಮುಂದೆ ಅವರು ಅಮೆರಿಕಕ್ಕೆ ಹೋಗಿ ಪುನಶ್ಚೇತನ ವೈದ್ಯದಲ್ಲಿ ಶಿಕ್ಷಣ ಪಡೆದು ಬಂದು, ವೆಲ್ಲೂರಿನಲ್ಲಿ ಅದಕ್ಕಾಗಿಯೇ ಒಂದು ವಿಭಾಗವನ್ನು ಕಟ್ಟಿ ಬೆಳೆಸಿದರು. ೧೯೬೬ರಲ್ಲಿ ಅಂಗಜಡರಾದವರ ಪುನರ್ವಸತಿ ಕೇಂದ್ರವು ಅಲ್ಲಿ ತೆರೆಯಿತು. ೧೯೭೨ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಕಾಯಕದ ಹಿರಿಮೆಯು ಅದರ ಅಳತೆಯಲ್ಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಉಳಿದಿರುವ ಶಕ್ತಿ ಎಷ್ಟೇ ಅಲ್ಪವಾಗಿರಲಿ, ಅದನ್ನು ಪ್ರಾಮಾಣಿಕವಾಗಿ ಸಲ್ಲಿಸುವುದರಲ್ಲಿ ಅದಿದೆ. ಹತ್ತು ಮೂಟೆ ಹೊರುವವನದು ಹೆಚ್ಚಿನ ಕಾಯಕ, ಕುಳಿತು ಮಗುವಿಗೆ ಅಕ್ಷರ ಹೇಳಿಕೊಡುವವಳದು ಕಡಮೆಯದು ಎಂಬ ತಾರತಮ್ಯಕ್ಕೆ ಶರಣರ ಧರ್ಮದಲ್ಲಿ ಎಡೆಯಿಲ್ಲ. ಇನ್ನು ಬೆರಳೊಂದನ್ನೂ ಅಲುಗಿಸಲಾರದೆ ಮಲಗಿರುವವನಿದ್ದರೆ? ಅವನಿಗೆ ಸಲ್ಲಿಸುವ ಸೇವೆಯು ಮನೆಯವರ ಕಾಯಕವಾಗುತ್ತದೆ. ಅವನು ಚೈತನ್ಯಸ್ವರೂಪನು ಎಂಬ ಕಾರಣದಿಂದಲೇ ಪೂಜ್ಯನು; ದುಡಿದು ತೋರಿಸಿ ಆ ಪೂಜ್ಯತೆಯನ್ನು ಗಳಿಸಬೇಕಾಗಿಲ್ಲ. ದುಡಿಯುವ ಶಕ್ತಿಯು ಮನುಷ್ಯನ ಬೆಲೆಗೆ ಕಾರಣವಲ್ಲ. ಆ ಬೆಲೆಯು ಹೊರಗೆ ಪ್ರಕಟವಾಗುವ ಒಂದು ಬಗೆ. ಆದುದರಿಂದಲೇ ಪ್ರಕಟವಾಗುವ ಅವಕಾಶವಿದ್ದೂ ಅದನ್ನು ತಡೆಯುವುದು ಅಪರಾಧ. ಅವಕಾಶವಿಲ್ಲದವನನ್ನು ಹಗುರಾಗಿ ಕಾಣುವುದು ಇನ್ನೂ ದೊಡ್ಡ ಅಪರಾಧ.

ಬ್ರ್ಯಾಂಡರು ೧೯೬೬ರಲ್ಲಿ ಭಾರತವನ್ನು ಬಿಟ್ಟು ಅಮೆರಿಕದ ಲೂಸಿಯಾನದ ಕಾರ್ವಿಲ್ಲಿನಲ್ಲಿದ್ದ ಕುಷ್ಠರೋಗ ಆಸ್ಪತ್ರೆಗೆ ತೆರಳಿದರು; ೨೦೦೩ರಲ್ಲಿ ತೀರಿಕೊಂಡರು. ಅವರ ಕಾಲದಿಂದೀಚೆಗೆ ವೈದ್ಯವು ಬಹುದೂರ ಮುನ್ನಡೆದಿದೆ. ಮೂರು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ೧೯೮೧ರಲ್ಲಿ ಸೂಚಿಸಿದರು. ರೋಗದ ಬಗೆಯನ್ನು ಅನುಸರಿಸಿ ಆರು ಅಥವಾ ಹನ್ನೆರಡು ತಿಂಗಳಲ್ಲಿ ಕುಷ್ಠವು ಗುಣವಾಗುತ್ತದೆ. ಬೇಗನೆ ಗುರುತಿಸಿ ಔಷಧಿಯನ್ನು ಕೊಟ್ಟರೆ ಕೈ ಬಾಗುವ ಪ್ರಸಂಗವೇ ಬಹಳ ಮಟ್ಟಿಗೆ ತಪ್ಪುತ್ತದೆ. ಮನುಷ್ಯರಲ್ಲಿ ಬಹುಪಾಲು ಜನರಿಗೆ ಈ ರೋಗವನ್ನು ತಡೆಯುವ ಶಕ್ತಿ ಸಹಜವಾಗಿಯೇ ಇರುತ್ತದೆ. ಕಾನೂನು ಕೂಡ ತಡವಾಗಿಯಾದರೂ ತನ್ನನ್ನು ತಿದ್ದಿಕೊಂಡಿದೆ. ೧೮೯೮ರ ಕುಷ್ಠರೋಗಿಗಳ ಕಾಯಿದೆಯು ೨೦೧೬ರಲ್ಲಿ ರದ್ದಾಯಿತು. ಗಂಡ ಅಥವಾ ಹೆಂಡತಿಗೆ ಕುಷ್ಠವಿದೆಯೆಂಬ ಕಾರಣದಿಂದ ವಿವಾಹವಿಚ್ಛೇದನ ಪಡೆಯಲು ಇದ್ದ ಅವಕಾಶವನ್ನು ೨೦೧೯ರ ತಿದ್ದುಪಡಿಯು ತೆಗೆದುಹಾಕಿತು.

ಔಷಧಿ ಬಂದಿತು, ಶಸ್ತ್ರವೈದ್ಯ ಬೆಳೆಯಿತು, ಕಾಯಿದೆ ಬದಲಾಯಿತು. ಬದಲಾಗಬೇಕಾದುದು ಇನ್ನು ಮನೆಯ ಬಾಗಿಲು. ಅದನ್ನು ತೆರೆಯಲು ಯಾವ ವೈದ್ಯನೂ ಬರಲಾರನು. ಪ್ರತಿ ಊರಿನಲ್ಲಿಯೂ ಮುರಿದ ಕಾಲು ಕೂಡಿಸಿಕೊಂಡು ಬಂದವನಿದ್ದಾನೆ, ಕೃತಕ ಪಾದ ತೊಟ್ಟವನಿದ್ದಾನೆ, ಗಾಲಿಕುರ್ಚಿಯಲ್ಲಿ ಕುಳಿತವಳಿದ್ದಾಳೆ, ಬೆರಳಲ್ಲಿ ಹಳೆಯ ರೋಗದ ಗುರುತು ಉಳಿದವನಿದ್ದಾನೆ. ಅವರು ಅಂಗಡಿಯ ಮುಂದೆ, ಗಿರಣಿಯ ಮುಂದೆ, ಶಾಲೆಯ ಮುಂದೆ ಬಂದು ನಿಂತು ಕೆಲಸ ಕೇಳುವ ಗಳಿಗೆಯೊಂದುಂಟು. ಆ ಗಳಿಗೆಯಲ್ಲಿ ಅಂಗಡಿಯ ಯಜಮಾನನು ಜೇಬಿಗೆ ಕೈಹಾಕಿ ಕಾಸನ್ನು ಹುಡುಕುವನೆ, ಅಥವಾ ಬಂದವನ ಕೈಯನ್ನು ನೋಡಿ ಈ ಕೈ ಏನನ್ನು ಮಾಡಬಲ್ಲುದೆಂದು ಕೇಳುವನೆ? ಭಕ್ತಿಯ ಪರೀಕ್ಷೆಯು ಪೂಜೆಯ ಹೊತ್ತಿನಲ್ಲಿ ಎಷ್ಟು ನಡೆಯುತ್ತದೆಯೋ ಅಷ್ಟೇ ಆ ಗಳಿಗೆಯಲ್ಲಿಯೂ ನಡೆಯುತ್ತದೆ.

ಇಷ್ಟಲಿಂಗವನ್ನು ಧರಿಸುವ ಅಂಗೈಗೆ ಶರಣಧರ್ಮದಲ್ಲಿ ಎಷ್ಟು ಮಹತ್ತ್ವವಿದೆಯೆಂಬುದನ್ನು ಸದ್ಭಕ್ತರಿಗೆ ಹೇಳಬೇಕಾಗಿಲ್ಲ. ಅಂಥ ಅಂಗೈಯೊಂದನ್ನು ಬಿಡಿಸಿ ನೆಟ್ಟಗೆ ಮಾಡಿದುದು ವೈದ್ಯನ ಕಾಯಕ. ಅದನ್ನು ದಿನದಿನವೂ ಮಡಿಸಿ ಬಿಡಿಸಿ ಪಳಗಿಸಿದುದು ರೋಗಿಯ ಕಾಯಕ. ಅದು ಮತ್ತೆಂದೂ ಭಿಕ್ಷೆಗಾಗಿ ಚಾಚದಂತೆ ಅದರಲ್ಲಿ ಒಂದು ಕೆಲಸವನ್ನಿಡುವುದು ಉಳಿದವರೆಲ್ಲರ ಕಾಯಕ. ಈ ಮೂರೂ ಕೂಡಿದಾಗಲೇ ವೆಲ್ಲೂರಿನ ಆ ತರುಣನ ಪ್ರಶ್ನೆಗೆ ಉತ್ತರವನ್ನಿತ್ತಂತಾಗುತ್ತದೆ. ಕೈಯೊಡನೆ ಕಾಯಕವೂ ಮರಳಿ ಬಂದಂತಾಗುತ್ತದೆ.